ಬರೆದದ್ದು ಒಂದು, ಓದಿದಾಗ ಬಂದದ್ದು ಇನ್ನೊಂದು

ಈ ಸಲ ಬಂದ ಪ್ರಶ್ನೆಗಳನ್ನು ಮುಂದೆ ಹರಡಿಕೊಂಡು ಕೂತಾಗ ಬಹಳಷ್ಟು ಒಂದೇ ವಿಷಯದ ಸುತ್ತ ಇದ್ದವು. ಆರ್ಡುಯಿನೊ ಅಥವಾ ಇಎಸ್‌ಪಿ32, ಅಂದರೆ ನಾವೇ ಕೋಡ್ ಬರೆದು ಓಡಿಸುವ ಸಣ್ಣ ಕಂಪ್ಯೂಟರ್ ಬೋರ್ಡಿನ ಪಕ್ಕದಲ್ಲಿ ಒಂದು ಮೆಮೊರಿ ಚಿಪ್ ಕೂರಿಸಿದ್ದಾರೆ, ಅದು ಹೇಳಿದ ಮಾತು ಕೇಳುತ್ತಿಲ್ಲ. ಹಾಗಾಗಿ ಈ ಸಂಚಿಕೆಯ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಪ್ರಶ್ನೆಗಳನ್ನು ಜಾಗಕ್ಕೆ ತಕ್ಕಂತೆ ಸ್ವಲ್ಪ ಚಿಕ್ಕದು ಮಾಡಿದ್ದೇನೆ, ವಿಷಯ ಬಿಟ್ಟಿಲ್ಲ.

ಪ್ರಶ್ನೆ: ಸರ್, ಆರ್ಡುಯಿನೊ ಉನೊಗೆ 24ಸಿ256 ಇಇಪ್ರಾಮ್ (ಕರೆಂಟು ಹೋದರೂ ಬರೆದದ್ದು ಉಳಿಸಿಕೊಳ್ಳುವ ಮೆಮೊರಿ ಚಿಪ್) ಜೋಡಿಸಿದ್ದೇನೆ, ಬ್ರೆಡ್‌ಬೋರ್ಡ್ ಮೇಲೆ. ಏನೇ ಬರೆದರೂ ಓದುವಾಗ 255 ಅಂತಲೇ ಬರುತ್ತದೆ. ಎಲ್ಲ ವಿಳಾಸದಲ್ಲೂ ಅದೇ. ಇನ್ನೊಂದು ಚಿಪ್ ತಂದು ಹಾಕಿದೆ, ಆಗಲೂ 255. ಎರಡೂ ಸುಟ್ಟಿವೆಯಾ?
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ತುಮಕೂರು)

ಉತ್ತರ: ಎರಡು ಚಿಪ್ ಸಾಲಾಗಿ ಸುಡುವುದು ಅಪರೂಪ. ಇಲ್ಲಿ ದಾರಿ ತಪ್ಪಿಸುತ್ತಿರುವುದು ಆ 255 ಅನ್ನುವ ಸಂಖ್ಯೆ. ಅದು ಎರಡು ಕಡೆಯಿಂದ ಬರಬಹುದು. ಹೊಸ ಇಇಪ್ರಾಮ್ ಖಾಲಿ ಇದ್ದಾಗ ಅದರ ಪ್ರತಿ ಬೈಟಿನಲ್ಲೂ ಇರುವುದು 255. ಚಿಪ್ ಬೋರ್ಡಿನ ಮೇಲೆ ಇಲ್ಲವೇ ಇಲ್ಲ ಅಂದರೂ ನಿಮಗೆ ಕಾಣುವುದು 255, ಯಾಕೆಂದರೆ ಒಂದೂ ಬೈಟ್ ಬರದಿದ್ದಾಗ, ಇಂಥ ಚಿಪ್ ಜೊತೆ ಮಾತಾಡಲು ಆರ್ಡುಯಿನೊದಲ್ಲಿ ಇರುವ ವೈರ್ ಲೈಬ್ರರಿಯ ರೀಡ್ ಫಂಕ್ಷನ್ ಮೈನಸ್ 1 ಕೊಡುತ್ತದೆ, ಅದನ್ನು ನೀವು ಬೈಟ್ ವೇರಿಯಬಲ್‌ಗೆ ಹಾಕಿದ ಕೂಡಲೇ 255 ಆಗಿಬಿಡುತ್ತದೆ. ಅಂದರೆ ಓದಿದ ಬೆಲೆ ನೋಡಿಕೊಂಡು ಚಿಪ್ ಇದೆಯೋ ಇಲ್ಲವೋ ಹೇಳಲು ಬರುವುದಿಲ್ಲ.

ಅದಕ್ಕೇ ಮೊದಲು ಡೇಟಾ ಬಿಡಿ. ಚಿಪ್ ಹೂಂ ಅನ್ನುತ್ತದಾ ಅಂತ ಮಾತ್ರ ಕೇಳಿ. ಅದೇ ಲೈಬ್ರರಿಯಲ್ಲಿ ಮಾತು ಮುಗಿಸುವ ಎಂಡ್‌ಟ್ರಾನ್ಸ್‌ಮಿಶನ್ ಫಂಕ್ಷನ್ ಒಂದು ಸಂಖ್ಯೆ ವಾಪಸ್ ಕೊಡುತ್ತದೆ, ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ. ನನ್ನ ಪ್ರಕಾರ ಇಡೀ ಲೈಬ್ರರಿಯಲ್ಲಿ ಇದಕ್ಕಿಂತ ಬೆಲೆಬಾಳುವ ಸಾಲು ಇನ್ನೊಂದಿಲ್ಲ. 0 ಬಂದರೆ ಚಿಪ್ ಒಪ್ಪಿಕೊಂಡಿದೆ. 2 ಬಂದರೆ ನೀವು ಕರೆದ ವಿಳಾಸಕ್ಕೆ ಯಾರೂ ಓಗೊಡಲಿಲ್ಲ. 3 ಅಂದರೆ ವಿಳಾಸಕ್ಕೆ ಓಗೊಟ್ಟಿದೆ, ಆದರೆ ಡೇಟಾ ಒಪ್ಪಲಿಲ್ಲ. 1 ಅಂದರೆ ಒಂದೇ ಸಲಕ್ಕೆ ತುಂಬಿದ್ದು ಜಾಸ್ತಿಯಾಯಿತು ಅಂತ ಅರ್ಥ, ಆದರೆ ಉನೊದಲ್ಲಿ ಇದನ್ನು ನಂಬಿ ಕೂರಬೇಡಿ.

ನಿಮಗೆ 2 ಬರುತ್ತದೆ ಅಂತ ನನ್ನ ಅಂದಾಜು. ಹಾಗಿದ್ದರೆ ಕೋಡ್ ಮುಟ್ಟಬೇಡಿ, ಮಲ್ಟಿಮೀಟರ್ ತೆಗೆದುಕೊಳ್ಳಿ. ವೋಲ್ಟೇಜನ್ನು ಬ್ರೆಡ್‌ಬೋರ್ಡಿನ ಅಂಚಿನಲ್ಲಿ ಅಳೆಯಬೇಡಿ, ಚಿಪ್‌ನ ಕಾಲಿನ ಮೇಲೇ ಅಳೆಯಿರಿ: 4ನೇ ಕಾಲು ಗ್ರೌಂಡ್, 8ನೇ ಕಾಲು 5 ವೋಲ್ಟ್. ಉದ್ದದ ಬ್ರೆಡ್‌ಬೋರ್ಡ್‌ಗಳಲ್ಲಿ ಪವರ್ ಸಾಲು ಕೆಲವೊಮ್ಮೆ ನಡುವೆ ಕಡಿದಿರುತ್ತದೆ, ಒಂದು ಬದಿಗೆ ಕರೆಂಟು ಬಂದು ಇನ್ನೊಂದು ಬದಿಗೆ ಬಂದೇ ಇರುವುದಿಲ್ಲ. ಆಮೇಲೆ ಯಾರೂ ಮಾತಾಡದೆ ಇರುವಾಗ 5ನೇ ಕಾಲು ಎಸ್‌ಡಿಎ (ಡೇಟಾ ತಂತಿ), 6ನೇ ಕಾಲು ಎಸ್‌ಸಿಎಲ್ (ಗಡಿಯಾರದ ಮಿಡಿತದ ತಂತಿ), ಎರಡರಲ್ಲೂ 5 ವೋಲ್ಟ್ ನಿಂತಿರಬೇಕು. ಒಂದರಲ್ಲಿ ಸೊನ್ನೆ ಇದ್ದರೆ ಆ ತಂತಿ ಎಲ್ಲೋ ಗ್ರೌಂಡಿಗೆ ತಾಗಿದೆ, ಇಲ್ಲ ಯಾವುದೋ ಚಿಪ್ ಅದನ್ನು ಕೆಳಗೆ ಹಿಡಿದುಕೊಂಡಿದೆ. ಉನೊದಲ್ಲಿ ಎಸ್‌ಡಿಎ ಇರುವುದು ಎ4, ಎಸ್‌ಸಿಎಲ್ ಎ5. ಅದಲು ಬದಲಾಗುವುದು ತುಂಬಾ ಸಾಮಾನ್ಯ.

ಪುಲ್-ಅಪ್ ರೆಸಿಸ್ಟರ್ ಹಾಕಿದ್ದೀರಾ ಅಂತ ನೀವು ಬರೆದಿಲ್ಲ. ಈ ಎರಡು ತಂತಿಯಲ್ಲಿ ಮಾತಾಡುವ ಪದ್ಧತಿಗೆ ಐ2ಸಿ ಅನ್ನುತ್ತಾರೆ. ಐ2ಸಿ ತಂತಿಗಳನ್ನು ಯಾವ ಚಿಪ್ ಕೂಡ ಮೇಲಕ್ಕೆ ತಳ್ಳುವುದಿಲ್ಲ, ಕೆಳಕ್ಕೆ ಎಳೆಯುವುದು ಮಾತ್ರ ಗೊತ್ತು. ಬಿಟ್ಟ ಮೇಲೆ ತಂತಿಯನ್ನು ಮೇಲಕ್ಕೆ ತರುವುದು ರೆಸಿಸ್ಟರ್. ಎರಡೂ ತಂತಿಯಿಂದ 5 ವೋಲ್ಟಿಗೆ ಒಂದೊಂದು 4.7 ಕಿಲೋಓಮ್ ಹಾಕಿ. ಉನೊ ಒಳಗೇ ಪುಲ್-ಅಪ್ ಇದೆ, ವೈರ್ ಲೈಬ್ರರಿ ಅದನ್ನು ಆನ್ ಮಾಡುತ್ತದೆ, ನಿಜ. ಆದರೆ ಅದು 20ರಿಂದ 50 ಕಿಲೋಓಮ್, ತೀರಾ ದುರ್ಬಲ. ತಂತಿ ಗಿಡ್ಡ ಇದ್ದಾಗ ಹೇಗೋ ನಡೆದುಬಿಡುತ್ತದೆ, ತಂತಿ ಸ್ವಲ್ಪ ಉದ್ದ ಮಾಡಿದರೆ ನಿಲ್ಲುತ್ತದೆ, ಆಗ ಜನ ಕೋಡ್ ಹುಡುಕುತ್ತಾ ಕೂರುತ್ತಾರೆ.

ಇನ್ನು ವಿಳಾಸ. 1, 2, 3ನೇ ಕಾಲುಗಳು ಎ0, ಎ1, ಎ2. ಮೂರನ್ನೂ ಗ್ರೌಂಡಿಗೆ ಕಟ್ಟಿ, ಗಾಳಿಯಲ್ಲಿ ಬಿಡಬೇಡಿ. ಆಗ ಚಿಪ್‌ನ ವಿಳಾಸ ಹೆಕ್ಸ್ (ಅಂದರೆ 16ರ ಲೆಕ್ಕದಲ್ಲಿ) 50. ಕೆಲವು ಪುಸ್ತಕ, ಕೆಲವು ಉದಾಹರಣೆ ಕೋಡ್‌ಗಳಲ್ಲಿ ಅದೇ ಚಿಪ್‌ಗೆ ಹೆಕ್ಸ್ ಎ0 ಅಂತ ಬರೆದಿರುತ್ತಾರೆ. ಎರಡೂ ಒಂದೇ. 7 ಬಿಟ್ ವಿಳಾಸದ ಬಾಲಕ್ಕೆ ಓದು-ಬರಹದ ಬಿಟ್ ಸೇರಿಸಿ ಎಣಿಸಿದರೆ 50 ಹೋಗಿ ಎ0 ಆಗುತ್ತದೆ. ಆರ್ಡುಯಿನೊಗೆ ಬೇಕಾದದ್ದು 50. ಎಸ್‌ಟಿಎಂ32 ಅನ್ನುವ ಇನ್ನೊಂದು ಚಿಪ್ ಮನೆತನದ ಹಾಲ್ ಲೈಬ್ರರಿಗೆ ಮಾತ್ರ ಒಂದು ಬಿಟ್ ಎಡಕ್ಕೆ ಸರಿಸಿದ ಎ0 ಕೊಡಬೇಕು. ನಾಳೆ ನೀವು ಆ ಕಡೆ ಹೋದಾಗ ಇದು ನೆನಪಿರಲಿ.

ಪ್ರಶ್ನೆ: ಅಡಿಕೆ ತೋಟದಲ್ಲಿ ನಾಲ್ಕು ಕಡೆ ಮಣ್ಣಿನ ತೇವ ಅಳೆದು, 10 ನಿಮಿಷಕ್ಕೊಮ್ಮೆ 24ಸಿ256ರಲ್ಲಿ ಬರೆಯುತ್ತಿದ್ದೇನೆ. ಉನೊ ಬೋರ್ಡು. ಒಂದು ದಾಖಲೆಗೆ 20 ಬೈಟ್: ದಿನಾಂಕ ಮತ್ತು ಸಮಯ 12 ಅಕ್ಷರ, ನಾಲ್ಕು ಸೆನ್ಸರಿಗೆ ತಲಾ 2 ಬೈಟ್. ಒಂದಾದ ಮೇಲೆ ಒಂದು, ಸೊನ್ನೆಯಿಂದ ಬರೆಯುತ್ತಾ ಹೋಗುತ್ತೇನೆ. ಮೊದಲ ಮೂರು ಸರಿ ಇರುತ್ತವೆ. ನಾಲ್ಕನೆಯದು ಬರೆದ ತಕ್ಷಣ ಒಂದನೆಯದು ಹಾಳಾಗುತ್ತದೆ, ನಾಲ್ಕನೆಯದರಲ್ಲೂ ಅರ್ಧ ಕಸ. ಡಿಲೇ 100 ಮಿಲಿಸೆಕೆಂಡಿಗೆ ಏರಿಸಿದರೂ ಬದಲಾಗಲಿಲ್ಲ.
(ಕೃಷಿಕರು, ದಾವಣಗೆರೆ ಜಿಲ್ಲೆ)

ಉತ್ತರ: ಎಷ್ಟು ಚೆನ್ನಾಗಿ ಗಮನಿಸಿ ಬರೆದಿದ್ದೀರಿ! ಯಾವ ದಾಖಲೆ ಯಾವಾಗ ಕೆಡುತ್ತದೆ ಅಂತ ಹೇಳಿದ್ದರಿಂದ ಚಿಪ್ ನೋಡದೆಯೇ ಉತ್ತರ ಹೇಳಬಹುದು. ನಿಮ್ಮ ಜೋಡಣೆಯಲ್ಲಿ ಏನೂ ತಪ್ಪಿಲ್ಲ. ಡಿಲೇಗೂ ಸಂಬಂಧ ಇಲ್ಲ.

24ಸಿ256ರ ಒಳಗೆ 32,768 ಬೈಟ್ ಇದೆ. ಆದರೆ ಬರೆಯುವಾಗ ಅದು 64 ಬೈಟಿನ ಪುಟಗಳಾಗಿ ಕೆಲಸ ಮಾಡುತ್ತದೆ. ಒಂದೇ ಸಲಕ್ಕೆ ಕಳಿಸಿದ ಬೈಟ್‌ಗಳು ಪುಟದ ಕೊನೆ ಮುಟ್ಟಿದರೆ ಮುಂದಿನ ಪುಟಕ್ಕೆ ಹೋಗುವುದಿಲ್ಲ, ಅದೇ ಪುಟದ ತಲೆಗೆ ವಾಪಸ್ ಬಂದು ಅಲ್ಲಿದ್ದದ್ದರ ಮೇಲೆ ಬರೆಯುತ್ತವೆ. ಚಿಪ್ ಯಾವ ದೂರೂ ಹೇಳುವುದಿಲ್ಲ, ಎಲ್ಲ ಬೈಟಿಗೂ ಹೂಂ ಅನ್ನುತ್ತದೆ.

ನಿಮ್ಮ ಲೆಕ್ಕ ನೋಡೋಣ. ದಾಖಲೆಗಳು ಶುರುವಾಗುವುದು 0, 20, 40, 60ರಲ್ಲಿ. ನಾಲ್ಕನೆಯದು 60ಕ್ಕೆ ಶುರುವಾಗಿ 79ಕ್ಕೆ ಮುಗಿಯಬೇಕು. ಆದರೆ ಪುಟ ಮುಗಿಯುವುದು 63ಕ್ಕೆ. ನಾಲ್ಕು ಬೈಟ್ ಅಲ್ಲಿ ಕೂತವು, ಉಳಿದ 16 ಬೈಟ್ ಹೋಗಿ 0ಯಿಂದ 15ರವರೆಗೆ ಕೂತವು. ಅಂದರೆ ನಿಮ್ಮ ಒಂದನೆಯ ದಾಖಲೆಯಲ್ಲಿ ಈಗ ಸರಿಯಾಗಿ ಉಳಿದಿರುವುದು ಕೊನೆಯ 4 ಬೈಟ್, ಅಂದರೆ ಮೂರನೇ ಮತ್ತು ನಾಲ್ಕನೇ ಸೆನ್ಸರಿನ ಅಂಕಿ ಮಾತ್ರ. ನೋಡಿ, ಹಾಗೇ ಇರಬೇಕು. ನಾಲ್ಕನೆಯ ದಾಖಲೆಯ ಜಾಗದಲ್ಲಿ 64ರಿಂದ ಮುಂದೆ ಖಾಲಿ ಚಿಪ್‌ನ 255 ಇರುತ್ತದೆ. ಐದು, ಆರು ಸರಿ ಬರುತ್ತವೆ, ಏಳನೆಯದು 120ಕ್ಕೆ ಶುರುವಾಗಿ ಮತ್ತೆ 127ರ ಗಡಿಗೆ ಬಡಿದು ತನ್ನ 12 ಬೈಟನ್ನು 64ರಿಂದ ಬರೆದುಬಿಡುತ್ತದೆ. ಆಗ ನಾಲ್ಕನೆಯದರ ಖಾಲಿ ಜಾಗದಲ್ಲಿ ಏಳನೆಯದರ ತುಂಡು ಕಾಣುತ್ತದೆ. ಓದುವಾಗ ಈ ಗಡಿ ಇಲ್ಲ, ಪುಟ ದಾಟಿ ಸಲೀಸಾಗಿ ಓದಿಕೊಂಡು ಹೋಗಬಹುದು. ಅದಕ್ಕೇ ಓದಿದ್ದು ತಪ್ಪೋ ಬರೆದದ್ದು ತಪ್ಪೋ ಅಂತ ಗೊಂದಲ ಆಗುವುದು.

ಪರಿಹಾರ ಎರಡಿವೆ. ಗಡಿ ಬಂದಲ್ಲಿ ದಾಖಲೆಯನ್ನು ಎರಡು ತುಂಡು ಮಾಡಿ ಬರೆಯುವ ಕೋಡ್ ಹಾಕಬಹುದು. ಇದು ಸರಿ, ಆದರೆ ನನಗೆ ಇಷ್ಟವಾದ ದಾರಿ ಇನ್ನೊಂದು: ದಾಖಲೆಯ ಅಳತೆಯನ್ನೇ 64ಕ್ಕೆ ಭಾಗವಾಗುವಂತೆ ಮಾಡಿಕೊಳ್ಳಿ. 32 ಮಾಡೋಣ ಅನ್ನಿಸುತ್ತದೆ ಅಲ್ವಾ? ಬೇಡ. ಉನೊದಲ್ಲಿ ವೈರ್ ಲೈಬ್ರರಿಯ ಬಫರ್ 32 ಬೈಟ್ ಮಾತ್ರ, ಅದರಲ್ಲಿ ಮೆಮೊರಿ ವಿಳಾಸಕ್ಕೇ 2 ಬೈಟ್ ಹೋಗುತ್ತದೆ, ಉಳಿಯುವುದು 30. ದಾಖಲೆಯ ಕೊನೆಯ ಎರಡು ಬೈಟ್ ಸದ್ದಿಲ್ಲದೆ ಬಿಟ್ಟುಹೋಗುತ್ತವೆ.

16 ಮಾಡಿ. ದಿನಾಂಕವನ್ನು ಅಕ್ಷರದಲ್ಲಿ ಇಡುವುದು ಬಿಟ್ಟು 1970ರ ಜನವರಿ 1ರಿಂದ ಆದ ಸೆಕೆಂಡುಗಳ ಲೆಕ್ಕದಲ್ಲಿ ಇಟ್ಟರೆ 4 ಬೈಟಿಗೆ ಮುಗಿಯುತ್ತದೆ. ಸೆನ್ಸರಿಗೆ 8. ಇನ್ನೂ 4 ಉಳಿದವು. ಅದರಲ್ಲಿ 2 ಬೈಟ್ ಕ್ರಮಸಂಖ್ಯೆಗೆ, 1 ಬೈಟ್ ಬ್ಯಾಟರಿ ವೋಲ್ಟೇಜಿಗೆ, 1 ಬೈಟ್ ಚೆಕ್‌ಸಮ್‌ಗೆ, ಅಂದರೆ ಉಳಿದ ಬೈಟ್‌ಗಳಿಂದ ಲೆಕ್ಕ ಹಾಕಿ ಇಡುವ ತಾಳೆ ಸಂಖ್ಯೆಗೆ. ಚೆಕ್‌ಸಮ್ ಖಂಡಿತ ಇಡಿ. ತೋಟದಲ್ಲಿ ಬರೆಯುವ ಮಧ್ಯೆಯೇ ಕರೆಂಟು ಹೋಗುತ್ತದೆ, ಅರ್ಧ ಬರೆದ ದಾಖಲೆ ಯಾವುದು ಅಂತ ಆಮೇಲೆ ತಿಳಿಯುವುದಕ್ಕೆ ಬೇರೆ ದಾರಿ ಇಲ್ಲ. ಹೀಗೆ ಮಾಡಿದರೆ ಚಿಪ್‌ನಲ್ಲಿ 2,048 ದಾಖಲೆ ಹಿಡಿಯುತ್ತವೆ, ದಿನಕ್ಕೆ 144ರಂತೆ ಎರಡು ವಾರ ಬರುತ್ತದೆ.

ಡಿಲೇ ಬಗ್ಗೆ ಒಂದು ಮಾತು. ಪ್ರತಿ ಬರಹದ ನಂತರ ಚಿಪ್ ಒಳಗೆ ಬರೆದುಕೊಳ್ಳಲು ಹೆಚ್ಚೆಂದರೆ 5 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಅಷ್ಟು ಹೊತ್ತು ಕರೆದರೂ ಓಗೊಡುವುದಿಲ್ಲ. 100 ಮಿಲಿಸೆಕೆಂಡ್ ಸುಮ್ನೆ ಕಾಯುವ ಬದಲು, ಚಿಪ್‌ನ ವಿಳಾಸವನ್ನು ಮತ್ತೆ ಮತ್ತೆ ಕರೆಯುತ್ತಾ ಇರಿ, ಎಂಡ್‌ಟ್ರಾನ್ಸ್‌ಮಿಶನ್ 0 ಕೊಟ್ಟ ಕ್ಷಣ ಮುಂದೆ ಹೋಗಿ. ತಯಾರಕರು ಡೇಟಾಶೀಟಿನಲ್ಲೇ ಹೇಳಿರುವ ಕ್ರಮ ಇದು. ಆದರೆ ಕರೆಯುವುದಕ್ಕೆ ಒಂದು ಮಿತಿ ಇಟ್ಟುಕೊಳ್ಳಿ, ಚಿಪ್ ಕೈಕೊಟ್ಟರೆ ಬೋರ್ಡು ಅಲ್ಲೇ ಸಿಕ್ಕಿಕೊಳ್ಳಬಾರದು.

ಇನ್ನೂ ಒಂದು. ‘ಮುಂದಿನ ಖಾಲಿ ಜಾಗ ಎಲ್ಲಿ’ ಅನ್ನುವುದನ್ನು ಅನೇಕರು ಒಂದೇ ವಿಳಾಸದಲ್ಲಿ ಪ್ರತಿಸಲ ಬರೆದಿಡುತ್ತಾರೆ. ಈ ಚಿಪ್ ಸುಮಾರು 10 ಲಕ್ಷ ಸಲ ಬರೆಯುವುದನ್ನು ತಾಳಿಕೊಳ್ಳುತ್ತದೆ. ನಿಮ್ಮ ಹಾಗೆ 10 ನಿಮಿಷಕ್ಕೊಮ್ಮೆ ಆದರೆ ಏನೂ ಚಿಂತೆ ಇಲ್ಲ, ವರ್ಷಗಟ್ಟಲೆ ಬರುತ್ತದೆ. ಸೆಕೆಂಡಿಗೊಮ್ಮೆ ಬರೆಯುವವರಿಗೆ ಮಾತ್ರ ಅದು 12 ದಿನದೊಳಗೆ ಮುಗಿದುಹೋಗುತ್ತದೆ. ಕ್ರಮಸಂಖ್ಯೆ ದಾಖಲೆಯ ಒಳಗೇ ಇದ್ದರೆ ಆ ಜಾಗವೇ ಬೇಡ, ಆನ್ ಆದಾಗ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಹುಡುಕಿದರಾಯಿತು. ತುಂಬಾ ಜಾಸ್ತಿ ಬರೆಯುವವರು ಎಫ್‌ರ್ಯಾಮ್ ಅನ್ನುವ ಬೇರೆ ಬಗೆಯ ಮೆಮೊರಿ ಕಡೆ ನೋಡಿ. ಎಂಬಿ85ಆರ್‌ಸಿ256 ಅನ್ನುವ ಚಿಪ್ ಇದೇ ಅಳತೆ, ಇದೇ ವಿಳಾಸ, ಪುಟದ ಗಡಿ ಇಲ್ಲ, 5 ಮಿಲಿಸೆಕೆಂಡ್ ಕಾಯುವುದೂ ಇಲ್ಲ, ಲಕ್ಷ ಕೋಟಿ ಸಲ ಬರೆಯಬಹುದು. ಬೆಲೆ ಜಾಸ್ತಿ, ಅಷ್ಟೇ.

ಪ್ರಶ್ನೆ: 24ಸಿ256ರಿಂದ ಹಳೆಯ ಡೇಟಾ ಸರಿಯಾಗಿ ಓದಲು ಬರುತ್ತದೆ. ಬರೆದರೆ ಎರರ್ ಕೂಡ ಬರುವುದಿಲ್ಲ, ಎಲ್ಲ 0. ಆದರೆ ಓದಿದರೆ ಹಳೆಯದೇ ಇರುತ್ತದೆ.
(ಓದುಗರು, ವಿಜಯಪುರ)

ಉತ್ತರ: 7ನೇ ಕಾಲು ನೋಡಿ. ಅದು ಬರಹ ತಡೆಯುವ ಡಬ್ಲ್ಯೂಪಿ. ಅದಕ್ಕೆ ಪವರ್ ಸಿಕ್ಕಿದ್ದರೆ ಚಿಪ್ ನಿಮ್ಮ ಮಾತಿಗೆಲ್ಲ ಹೂಂ ಅನ್ನುತ್ತದೆ, ಬರೆಯುವುದು ಮಾತ್ರ ಇಲ್ಲ. ಗ್ರೌಂಡಿಗೆ ಕಟ್ಟಿ. ಕೆಲವು ಮಾಡ್ಯೂಲ್‌ಗಳ ಮೇಲೆ ಇದಕ್ಕೆ ಒಂದು ಜಂಪರ್ ಇರುತ್ತದೆ, ಇದ್ದರೆ ಅದನ್ನು ಬದಲಾಯಿಸಿ.

ಪ್ರಶ್ನೆ: ಅಂಗಡಿಯಲ್ಲಿ 24ಸಿ256 ಸಿಗಲಿಲ್ಲ, 24ಸಿ02 ಕೊಟ್ಟರು. ನನಗೆ ಬೇಕಾದದ್ದು ಬರೀ 50 ಬೈಟ್, ಹಾಗಾಗಿ ಸಾಕು ಅಂದುಕೊಂಡೆ. ಅದೇ ಕೋಡ್ ಹಾಕಿದರೆ ವಿಚಿತ್ರ: ಬರೆಯದೆ ಬರೀ ಓದಿದರೂ ಒಳಗಿನ ಡೇಟಾ ಬದಲಾಗುತ್ತಿದೆ.
(ಐಟಿಐ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಓದುವಾಗಲೇ ಡೇಟಾ ಬದಲಾಗುವುದು ನಿಜವಾಗಿಯೂ ಆಗುತ್ತದೆ, ನಿಮ್ಮ ಕಣ್ಣು ಸರಿಯಾಗಿದೆ. ಎರಡು ಚಿಪ್‌ನ ಹೆಸರು ಒಂದೇ ಮನೆತನದ್ದು, ಕಾಲುಗಳ ಜೋಡಣೆಯೂ ಒಂದೇ, ಆದರೆ ಮಾತಿನ ಕ್ರಮ ಬೇರೆ. 24ಸಿ256ಕ್ಕೆ ಮೆಮೊರಿ ವಿಳಾಸವನ್ನು 2 ಬೈಟಿನಲ್ಲಿ ಹೇಳಬೇಕು. 24ಸಿ02ರಲ್ಲಿ ಇರುವುದೇ 256 ಬೈಟ್, ಅದಕ್ಕೆ 1 ಬೈಟ್ ವಿಳಾಸ ಸಾಕು.

ಈಗ ನಿಮ್ಮ ಕೋಡ್ 10ನೇ ವಿಳಾಸದಿಂದ ಓದಬೇಕು ಅಂದುಕೊಂಡು 0, 10 ಅಂತ ಎರಡು ಬೈಟ್ ಕಳಿಸುತ್ತದೆ. 24ಸಿ02 ಮೊದಲಿನ 0ಯನ್ನು ವಿಳಾಸ ಅಂದುಕೊಳ್ಳುತ್ತದೆ. ಎರಡನೆಯ 10 ಅದರ ಲೆಕ್ಕದಲ್ಲಿ ಬರೆಯಬೇಕಾದ ಡೇಟಾ. ಎಂಡ್‌ಟ್ರಾನ್ಸ್‌ಮಿಶನ್ ಮಾತು ಮುಗಿಯಿತು ಅನ್ನುವ ಸ್ಟಾಪ್ ಸಂಕೇತ ಕಳಿಸಿದ ಕೂಡಲೇ 0ನೇ ಜಾಗದಲ್ಲಿ 10 ಬರೆದುಬಿಡುತ್ತದೆ. ಆಮೇಲೆ ನೀವು ತಕ್ಷಣ ಓದಲು ಹೋದರೆ ಅದು ಬರೆಯುವುದರಲ್ಲಿ ಮುಳುಗಿರುತ್ತದೆ, ಓಗೊಡುವುದಿಲ್ಲ, ನಿಮಗೆ 255 ಕಾಣುತ್ತದೆ. ವಿಳಾಸದ ಮೇಲಿನ ಬೈಟ್ ಕಳಿಸುವ ಸಾಲನ್ನು ತೆಗೆದುಹಾಕಿ. ಪುಟವೂ ಚಿಕ್ಕದು, ಸಾಮಾನ್ಯವಾಗಿ 8 ಬೈಟ್, ಮೇಲೆ ಹೇಳಿದ ಗಡಿಯ ಲೆಕ್ಕ ಇಲ್ಲಿ ಬೇಗ ಬರುತ್ತದೆ. 24ಸಿ32ರಿಂದ ಮೇಲಿನವು 2 ಬೈಟ್ ವಿಳಾಸ, 24ಸಿ16ರವರೆಗೆ 1 ಬೈಟ್. ಡಿಎಸ್3231 ಗಡಿಯಾರದ ಮಾಡ್ಯೂಲ್ ನಿಮ್ಮ ಹತ್ತಿರ ಇದ್ದರೆ ಅದರ ಮೇಲೆ ಸಾಮಾನ್ಯವಾಗಿ ಒಂದು 24ಸಿ32 ಕೂತಿರುತ್ತದೆ, ಹೆಕ್ಸ್ 57ರಲ್ಲಿ ಸಿಗುತ್ತದೆ. 50 ಬೈಟಿಗೆ ಬೇರೆ ಚಿಪ್ ಬೇಕೇ ಆಗುವುದಿಲ್ಲ.

ಪ್ರಶ್ನೆ: ಡಬ್ಲ್ಯೂ25ಕ್ಯೂ64 ಫ್ಲ್ಯಾಶ್ ಚಿಪ್‌ನಲ್ಲಿ ಮೊದಲ ಸಲ ಬರೆದದ್ದು ಸರಿಯಾಗಿ ಓದುತ್ತದೆ. ಅದೇ ಜಾಗದಲ್ಲಿ ಎರಡನೇ ಸಲ ಬರೆದರೆ ಏನೇನೋ ಬರುತ್ತದೆ. 5 ಇದ್ದ ಜಾಗದಲ್ಲಿ 2 ಬರೆದೆ, ಓದಿದರೆ 0 ಬಂತು. ಎಸ್‌ಪಿಐ (ಈ ಚಿಪ್ ಮಾತಾಡುವ ನಾಲ್ಕು ತಂತಿಯ ಪದ್ಧತಿ) ಸ್ಪೀಡ್ ಕಡಿಮೆ ಮಾಡಿ ನೋಡಿದೆ, ಉಪಯೋಗ ಇಲ್ಲ.
(ಎಲೆಕ್ಟ್ರಾನಿಕ್ಸ್ ಆಸಕ್ತರು, ಮಂಗಳೂರು)

ಉತ್ತರ: ನಿಮ್ಮ ಸಂಪರ್ಕ ಪೂರ್ತಿ ಚೆನ್ನಾಗಿದೆ, ಆ 0ಯೇ ಅದಕ್ಕೆ ಸಾಕ್ಷಿ. ಫ್ಲ್ಯಾಶ್ ಚಿಪ್‌ನಲ್ಲಿ ಬರೆಯುವುದು ಅಂದರೆ 1 ಇದ್ದ ಬಿಟ್ಟನ್ನು 0 ಮಾಡುವುದು ಮಾತ್ರ. 0ಯನ್ನು 1 ಮಾಡಬೇಕಾದರೆ ಅಳಿಸಬೇಕು. ಸ್ಲೇಟು ಒರೆಸದೆ ಮೇಲೆ ಮೇಲೆ ಬರೆದ ಹಾಗೆ ಆಗಿದೆ. ಅಕ್ಷರ 5 ಅಂದರೆ 00110101. ಅಕ್ಷರ 2 ಅಂದರೆ 00110010. ಎರಡರಲ್ಲೂ 1 ಇರುವ ಜಾಗ ಮಾತ್ರ ಉಳಿದರೆ 00110000, ಅದು ಅಕ್ಷರ 0. ಲೆಕ್ಕ ಅಷ್ಟು ಚೊಕ್ಕವಾಗಿ ಬಂದಿದೆ ಅಂದರೆ ಒಂದು ಬಿಟ್ ಕೂಡ ದಾರಿಯಲ್ಲಿ ಕಳೆದುಹೋಗಿಲ್ಲ.

ಅಳಿಸುವುದು ಒಂದೊಂದು ಬೈಟ್ ಆಗುವುದಿಲ್ಲ. ಕಡಿಮೆ ಅಂದರೆ 4 ಕಿಲೋಬೈಟಿನ ಒಂದು ಸೆಕ್ಟರ್ ಪೂರ್ತಿ ಹೋಗುತ್ತದೆ, ಆಜ್ಞೆ ಹೆಕ್ಸ್ 20. ಬರೆಯುವುದು 256 ಬೈಟಿನ ಪುಟದಲ್ಲಿ, ಆಜ್ಞೆ 02, ಇಲ್ಲೂ ಪುಟ ದಾಟಿದರೆ ತಲೆಗೆ ವಾಪಸ್ ಬರುತ್ತದೆ. ಅಳಿಸಲಿ ಬರೆಯಲಿ, ಪ್ರತಿಯೊಂದಕ್ಕೂ ಮುಂಚೆ ಬರೆಯಲು ಅನುಮತಿ ಕೊಡುವ 06 ಆಜ್ಞೆ ಬೇಕು. ಒಂದು ಸಲ ಕೊಟ್ಟ ಅನುಮತಿ ಒಂದೇ ಕೆಲಸಕ್ಕೆ, ಆಮೇಲೆ ತಾನಾಗಿ ಹೋಗುತ್ತದೆ. ಮತ್ತು 06 ಕಳಿಸಿದ ಮೇಲೆ, ಯಾವ ಚಿಪ್ ಜೊತೆ ಮಾತು ಅಂತ ಆರಿಸುವ ಸಿಎಸ್ ಪಿನ್ ಅನ್ನು ಮೇಲೆ ಎತ್ತಬೇಕು, ಮತ್ತೆ ಇಳಿಸಿ ಮುಂದಿನ ಆಜ್ಞೆ. ಒಂದೇ ಉಸಿರಿನಲ್ಲಿ ಎರಡನ್ನೂ ಕಳಿಸಿದರೆ ಚಿಪ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಂತರ 05 ಕಳಿಸಿ ಸ್ಟೇಟಸ್ ಓದಿ, ಅದರ ಕೊನೆಯ ಬಿಟ್ 0 ಆಗುವವರೆಗೆ ಕಾಯಿರಿ. ಸೆಕ್ಟರ್ ಅಳಿಸಲು ಕೆಲವೊಮ್ಮೆ 400 ಮಿಲಿಸೆಕೆಂಡ್ ಕೂಡ ಆಗಬಹುದು. ಇಇಪ್ರಾಮ್ ಅಭ್ಯಾಸದಲ್ಲಿ 5 ಮಿಲಿಸೆಕೆಂಡ್ ಡಿಲೇ ಹಾಕಿ ಮುಂದೆ ಹೋದವರಿಗೆ ಇಲ್ಲಿ ಅರ್ಧ ಆಜ್ಞೆಗಳು ಗಾಳಿಗೆ ಹೋಗುತ್ತವೆ.

ಪ್ರಶ್ನೆ: ಅದೇ ಡಬ್ಲ್ಯೂ25ಕ್ಯೂ64. ಒಂದೇ ಇದ್ದಾಗ ಕೆಲಸ ಮಾಡುತ್ತದೆ. ಅದೇ ತಂತಿಗಳಿಗೆ ಎಸ್‌ಡಿ ಕಾರ್ಡ್ ಮಾಡ್ಯೂಲ್ ಸೇರಿಸಿದರೆ ಫ್ಲ್ಯಾಶ್ ಸುಮ್ಮನಾಗುತ್ತದೆ. ಸಿಎಸ್ ಬೇರೆ ಬೇರೆ ಕೊಟ್ಟಿದ್ದೇನೆ.
(ಓದುಗರು, ಮೈಸೂರು)

ಉತ್ತರ: ಪರೀಕ್ಷೆಗೆ 9ಎಫ್ ಆಜ್ಞೆ ಬಳಸಿ. ಈ ಚಿಪ್ ತನ್ನ ಗುರುತು ಹೇಳುತ್ತದೆ: ಇಎಫ್, 40, 17. ಮೊದಲ ಇಎಫ್ ತಯಾರಕರಾದ ವಿನ್‌ಬಾಂಡ್, ಕೊನೆಯ 17 ಅದರ ಅಳತೆ. ಬೇರೆ ಏನನ್ನೂ ಬರೆಯದೆ, ಅಳಿಸದೆ, ಚಿಪ್ ಸರಿಯಾಗಿ ಮಾತಾಡುತ್ತಿದೆಯಾ ಅಂತ ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಎಲ್ಲ ಎಫ್‌ಎಫ್ ಅಥವಾ ಎಲ್ಲ 00 ಬಂದರೆ ಚಿಪ್ ಉತ್ತರ ಕಳಿಸುವ ಮಿಸೊ ತಂತಿಯಲ್ಲಿ ಅದರ ದನಿ ಬರುತ್ತಿಲ್ಲ ಅಂತ ಅರ್ಥ. ಅಂಕಿಗಳು ಒಂದು ಬಿಟ್ ಸರಿದಂತೆ ಬಂದರೆ ಎಸ್‌ಪಿಐ ಮೋಡ್ ತಪ್ಪಿದೆ, 0 ಅಥವಾ 3 ಇರಬೇಕು.

ಈಗ ನಿಮ್ಮ ಕಥೆ. ಎಸ್‌ಪಿಐನಲ್ಲಿ ಸಿಎಸ್ ಮೇಲಿರುವ ಚಿಪ್ ಮಿಸೊ ತಂತಿಯನ್ನು ಬಿಟ್ಟುಕೊಡಬೇಕು. ಎಸ್‌ಡಿ ಕಾರ್ಡ್ ಬಿಟ್ಟುಕೊಡುತ್ತದೆ. ಆದರೆ ಅಗ್ಗದ ಕೆಲವು ಮಾಡ್ಯೂಲ್‌ಗಳಲ್ಲಿ ಕಾರ್ಡಿನ ಮುಂದೆ 5 ವೋಲ್ಟ್, 3.3 ವೋಲ್ಟ್ ಹೊಂದಿಸುವ ಒಂದು ಬಫರ್ ಚಿಪ್ ಇರುತ್ತದೆ, 125 ಅಂತ ಅದರ ಮೇಲೆ ಬರೆದಿರುತ್ತದೆ, ಅದರ ಎನೇಬಲ್ ಕಾಲನ್ನು ಸದಾ ಆನ್ ಇರುವಂತೆ ಗ್ರೌಂಡಿಗೆ ಕಟ್ಟಿಬಿಟ್ಟಿರುತ್ತಾರೆ. ಕಾರ್ಡ್ ಸುಮ್ಮನಾದರೂ ಬಫರ್ ತಂತಿ ಹಿಡಿದುಕೊಂಡೇ ಇರುತ್ತದೆ. ನಿಮ್ಮ ಕೋಡ್‌ನಲ್ಲಿ ಏನು ಬದಲಾಯಿಸಿದರೂ ಇದು ಹೋಗುವುದಿಲ್ಲ. ಮಾಡ್ಯೂಲ್‌ನ ಮಿಸೊ ತಂತಿ ಒಂದನ್ನೇ ಕಿತ್ತು ನೋಡಿ, ಫ್ಲ್ಯಾಶ್ ಮಾತಾಡಲು ಶುರುಮಾಡಿದರೆ ಇದೇ ಕಾರಣ. 3.3 ವೋಲ್ಟಿನ ಬೋರ್ಡು ನಿಮ್ಮದಾದರೆ ಬಫರ್ ಇಲ್ಲದ ಸಾದಾ ಮಾಡ್ಯೂಲ್ ತನ್ನಿ. ಇಎಸ್‌ಪಿ32 ಆದರೆ ಎರಡಕ್ಕೂ ಬೇರೆ ಬೇರೆ ಎಸ್‌ಪಿಐ ಕೊಡಿ. ಒಂದು ಎಚ್ಚರಿಕೆ: ಈ ಫ್ಲ್ಯಾಶ್ ಚಿಪ್ 3.6 ವೋಲ್ಟ್ ದಾಟಬಾರದು, ಉನೊದ 5 ವೋಲ್ಟ್ ಪಿನ್‌ಗಳಿಗೆ ನೇರವಾಗಿ ಕಟ್ಟಬೇಡಿ. ಬರಹ ತಡೆಯುವ ಪಿನ್ ಮತ್ತು ಹೋಲ್ಡ್ ಪಿನ್ ಎರಡನ್ನೂ 3.3 ವೋಲ್ಟಿಗೆ ಕಟ್ಟಿ, ಹೋಲ್ಡ್ ಗಾಳಿಯಲ್ಲಿದ್ದರೆ ಕೈ ಹತ್ತಿರ ತಂದಾಗಲೂ ಚಿಪ್ ನಿಂತುಬಿಡಬಹುದು.

ಪ್ರಶ್ನೆ: ಇಎಸ್‌ಪಿ32ಕ್ಕೆ ಮೆಮೊರಿ ಕಾರ್ಡ್ ಜೋಡಿಸಿದ್ದೇನೆ, 12, 13, 14, 15 ಪಿನ್‌ಗಳಿಗೆ. ಕೋಡ್ ಹಾಕಿದ ದಿನ ಸರಿಯಿತ್ತು. ಕರೆಂಟು ತೆಗೆದು ಕೊಟ್ಟರೆ ‘ಫ್ಲ್ಯಾಶ್ ರೀಡ್ ಎರರ್’ ಅಂತ ಬರುತ್ತಾ ಬೋರ್ಡು ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಕಾರ್ಡಿನ ತಂತಿ ತೆಗೆದರೆ ಸರಿ.
(ಓದುಗರು, ಕಲಬುರಗಿ)

ಉತ್ತರ: 12ನೇ ಪಿನ್. ಮೂಲ ಇಎಸ್‌ಪಿ32 ಎಚ್ಚರಗೊಳ್ಳುವ ಕ್ಷಣದಲ್ಲಿ ಆ ಪಿನ್ ಮೇಲಿದೆಯೋ ಕೆಳಗಿದೆಯೋ ನೋಡಿ ತನ್ನ ಒಳಗಿನ ಫ್ಲ್ಯಾಶ್ ಚಿಪ್‌ಗೆ ಎಷ್ಟು ವೋಲ್ಟ್ ಕೊಡಬೇಕು ಅಂತ ತೀರ್ಮಾನಿಸುತ್ತದೆ. ಕೆಳಗಿದ್ದರೆ 3.3, ಮೇಲಿದ್ದರೆ 1.8. ನಿಮ್ಮ ಕಾರ್ಡ್ ಮಾಡ್ಯೂಲ್‌ನ ಪುಲ್-ಅಪ್ ಅದನ್ನು ಮೇಲೆ ಎತ್ತಿ ಹಿಡಿದಿದೆ, 3.3 ವೋಲ್ಟಿನ ಫ್ಲ್ಯಾಶ್‌ಗೆ 1.8 ಸಿಕ್ಕಿ ಅದು ಏಳಲು ಆಗುತ್ತಿಲ್ಲ. ಕೆಟ್ಟಿರುವ ಹಾಗೆ ಕಾಣುವ ಮೆಮೊರಿ ನೀವು ಜೋಡಿಸಿದ್ದಲ್ಲ, ಬೋರ್ಡಿನ ಒಳಗಿನದು. 12ರಲ್ಲಿರುವ ಮಿಸೊವನ್ನು 19ಕ್ಕೋ ಬೇರೆ ಪಿನ್‌ಗೋ ಸರಿಸಿ, ಕೋಡ್‌ನಲ್ಲಿ ಅದನ್ನು ಹೇಳಿ, ಮುಗಿಯಿತು. ಚಿಪ್ ಒಳಗಿನ ಇ-ಫ್ಯೂಸ್ (ಒಂದೇ ಸಲ ಬರೆಯಬಹುದಾದ ಬಿಟ್) ಸುಟ್ಟು ವೋಲ್ಟೇಜ್ ಖಾಯಂ ಮಾಡುವ ದಾರಿಯೂ ಇದೆ, ಆದರೆ ಅದನ್ನು ಮತ್ತೆ ಹಿಂದೆ ತರಲಾಗದು, ಪಿನ್ ಸರಿಸಲು ಜಾಗ ಇರುವಾಗ ಬೇಡ. ಹಾಗೇ 6ರಿಂದ 11ರವರೆಗಿನ ಪಿನ್‌ಗಳು ಆ ಒಳಗಿನ ಫ್ಲ್ಯಾಶ್‌ನದ್ದೇ, ಅವುಗಳನ್ನು ಮುಟ್ಟಬೇಡಿ.

ಪ್ರಶ್ನೆ: ಮೇಜಿನ ಮೇಲೆ ದಿನಗಟ್ಟಲೆ ಓಡುವ ಇಇಪ್ರಾಮ್ ಪಂಪ್‌ಹೌಸ್‌ಗೆ ಒಯ್ದರೆ ನಿಲ್ಲುತ್ತದೆ. ಮೋಟರ್ ಆನ್ ಆದಾಗ ಉನೊ ರೀಸೆಟ್ ಆಗುತ್ತದೆ, ಆಮೇಲೆ ಇಇಪ್ರಾಮ್ ಸಿಗುವುದೇ ಇಲ್ಲ. ರೀಸೆಟ್ ಬಟನ್ ಒತ್ತಿದರೂ ಇಲ್ಲ. ಪ್ಲಗ್ ಕಿತ್ತು ಹಾಕಿದರೆ ಸರಿಯಾಗುತ್ತದೆ. ಉನೊದಿಂದ ಚಿಪ್‌ಗೆ ಎರಡು ಮೀಟರ್ ಕೇಬಲ್ ಇದೆ.
(ಓದುಗರು, ಶಿರಸಿ)

ಉತ್ತರ: ಪ್ಲಗ್ ಕಿತ್ತರೆ ಮಾತ್ರ ಸರಿಯಾಗುತ್ತದೆ ಅನ್ನುವುದು ಮುಖ್ಯ ಸುಳಿವು. ಉನೊ ಚಿಪ್‌ನಿಂದ ಓದುತ್ತಿರುವಾಗ ಮಧ್ಯದಲ್ಲೇ ರೀಸೆಟ್ ಆಗಿದೆ. ಆ ಕ್ಷಣದಲ್ಲಿ ಚಿಪ್ ಒಂದು 0 ಬಿಟ್ ಹೇಳುತ್ತಿತ್ತು, ಅಂದರೆ ಎಸ್‌ಡಿಎ ತಂತಿಯನ್ನು ಕೆಳಗೆ ಹಿಡಿದಿತ್ತು. ಮುಂದಿನ ಗಡಿಯಾರದ ಮಿಡಿತ ಬಂದರೆ ಬಿಡೋಣ ಅಂತ ಅದು ಇನ್ನೂ ಕಾಯುತ್ತಿದೆ. ಉನೊ ಮತ್ತೆ ಎದ್ದು ನೋಡಿದರೆ ತಂತಿ ಕೆಳಗಿದೆ, ಮಾತು ಶುರುಮಾಡಲು ಆಗುವುದಿಲ್ಲ. ರೀಸೆಟ್ ಬಟನ್ ಉನೊಗೆ ಮಾತ್ರ, ಚಿಪ್‌ನ ಕರೆಂಟು ನಿಂತೇ ಇಲ್ಲವಲ್ಲ.

ಬಿಡಿಸುವುದು ಸುಲಭ. ವೈರ್ ಲೈಬ್ರರಿ ಶುರುಮಾಡುವ ಮುಂಚೆ ಎಸ್‌ಡಿಎ ಓದಿ. ಕೆಳಗಿದ್ದರೆ ಎಸ್‌ಸಿಎಲ್ ಅನ್ನು ಕೋಡ್‌ನಿಂದಲೇ ಕೆಳಗೆ ಮೇಲೆ ಮಾಡಿ, ಹೆಚ್ಚೆಂದರೆ 9 ಸಲ, ಅಷ್ಟರೊಳಗೆ ಚಿಪ್ ತನ್ನ ಬೈಟ್ ಮುಗಿಸಿ ತಂತಿ ಬಿಡುತ್ತದೆ. ನಂತರ ಎಸ್‌ಸಿಎಲ್ ಮೇಲಿರುವಾಗ ಎಸ್‌ಡಿಎಯನ್ನು ಕೆಳಗಿನಿಂದ ಮೇಲಕ್ಕೆ ತಂದು ಸ್ಟಾಪ್ ಕೊಡಿ. ತಂತಿಯನ್ನು ಮೇಲಕ್ಕೆ ತರುವಾಗ ಪಿನ್ ಅನ್ನು ಇನ್‌ಪುಟ್ ಮಾಡಿ ಬಿಡಿ, ಜೋರಾಗಿ 5 ವೋಲ್ಟ್ ಕೊಡಬೇಡಿ. ಉನೊದಲ್ಲಿ ಸೆಟ್‌ವೈರ್‌ಟೈಮೌಟ್ ಕೂಡ ಆನ್ ಮಾಡಿ, ತಾನಾಗಿ ಆನ್ ಇರುವುದಿಲ್ಲ, ಇಲ್ಲದಿದ್ದರೆ ತಂತಿ ಸಿಕ್ಕಿಕೊಂಡಾಗ ಇಡೀ ಕೋಡ್ ಅಲ್ಲೇ ನಿಂತುಬಿಡುತ್ತದೆ.

ಆದರೆ ಇದು ಬಿದ್ದಮೇಲೆ ಎಬ್ಬಿಸುವ ಕೆಲಸ. ಬೀಳದ ಹಾಗೆ ನೋಡಬೇಕಾದರೆ ಆ ಎರಡು ಮೀಟರ್ ಕೇಬಲ್ ತೆಗೆಯಿರಿ. ಐ2ಸಿಯನ್ನು ಫಿಲಿಪ್ಸ್ ಕಂಪನಿ 1982ರಲ್ಲಿ ಮಾಡಿದ್ದು ಒಂದೇ ಬೋರ್ಡಿನ ಮೇಲಿನ ಚಿಪ್‌ಗಳು ಮಾತಾಡಲಿ ಅಂತ. ಅದರ ನಿಯಮದಲ್ಲಿ ತಂತಿಗಳ ಕೆಪಾಸಿಟೆನ್ಸ್ 400 ಪಿಕೊಫ್ಯಾರಡ್ ದಾಟಬಾರದು, 100 ಕಿಲೋಹರ್ಟ್ಸ್‌ನಲ್ಲಿ ಸಿಗ್ನಲ್ ಏರಲು 1 ಮೈಕ್ರೊಸೆಕೆಂಡ್‌ಗಿಂತ ಜಾಸ್ತಿ ಹಿಡಿಯಬಾರದು. 4.7 ಕಿಲೋಓಮ್ ಇಟ್ಟುಕೊಂಡು 400 ಪಿಕೊಫ್ಯಾರಡ್ ತಲುಪಿದರೆ ಏರಲು ಒಂದೂವರೆ ಮೈಕ್ರೊಸೆಕೆಂಡ್‌ಗಿಂತ ಜಾಸ್ತಿ ಆಗುತ್ತದೆ. 2.2 ಕಿಲೋಓಮ್‌ಗೆ ಇಳಿಸಿದರೆ ಮಿತಿಯೊಳಗೆ ಬರುತ್ತದೆ, ಆದರೆ 5 ವೋಲ್ಟಿನಲ್ಲಿ ಒಂದೂವರೆ ಕಿಲೋಓಮ್‌ಗಿಂತ ಕೆಳಗೆ ಹೋಗಬೇಡಿ, ಚಿಪ್‌ಗೆ ತಂತಿಯನ್ನು ಕೆಳಕ್ಕೆ ಎಳೆಯುವ ಶಕ್ತಿ ಸಾಲುವುದಿಲ್ಲ. ನಾಲ್ಕೈದು ಮಾಡ್ಯೂಲ್ ಜೋಡಿಸಿದವರೂ ಇದನ್ನು ನೋಡಿ, ಸಾಮಾನ್ಯವಾಗಿ ಪ್ರತಿಯೊಂದರ ಮೇಲೂ ಒಂದು ಜೊತೆ ಪುಲ್-ಅಪ್ ಇರುತ್ತದೆ, ಎಲ್ಲ ಸೇರಿ ಬೆಲೆ ಇಳಿದಿರುತ್ತದೆ.

ಮೆಮೊರಿ ಚಿಪ್ ಉನೊದ ಪಕ್ಕದಲ್ಲೇ ಇರಲಿ, ಅದು ದೂರ ಇರಬೇಕಾದ ಕಾರಣವೇ ಇಲ್ಲ. ದೂರ ಹೋಗಬೇಕಾದದ್ದು ಸೆನ್ಸರ್ ಆದರೆ ಅದಕ್ಕೆ ಉದ್ದ ತಂತಿಗೆ ಒಗ್ಗುವ ಆರ್‌ಎಸ್-485 ಪದ್ಧತಿ ಇದೆ. ಚಿಪ್‌ನ 4 ಮತ್ತು 8ನೇ ಕಾಲಿನ ನಡುವೆ, ಆದಷ್ಟು ಹತ್ತಿರದಲ್ಲಿ, 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. ಸ್ಟಾರ್ಟರ್‌ನ ಕಾಂಟ್ಯಾಕ್ಟರ್ ಕಾಯಿಲ್‌ಗೆ ಸ್ನಬ್ಬರ್ (ಆನ್-ಆಫ್ ಆಗುವಾಗಿನ ವೋಲ್ಟೇಜ್ ಜಿಗಿತ ತಗ್ಗಿಸುವ ಭಾಗ) ಕಟ್ಟಿಸಿ. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ತ್ರೀ ಫೇಸ್ ಡಬ್ಬಿಯೊಳಗೆ ನೀವು ಕೈ ಹಾಕಬೇಡಿ. ಉನೊಗೆ ಬರುವ ಅಡಾಪ್ಟರ್ ಮೋಟರ್‌ನ ಅದೇ ಲೈನಿನಲ್ಲಿದ್ದರೆ ಬೇರೆ ಮಾಡಿ ನೋಡಿ, ರೀಸೆಟ್ ಆಗುವುದು ಅಲ್ಲಿಂದಲೇ ಇರಬಹುದು.

ಪ್ರಶ್ನೆ: ಇದಕ್ಕೆಲ್ಲ ಆಸಿಲೋಸ್ಕೋಪ್ ಬೇಕೇ ಬೇಕಾ?
(ಡಿಪ್ಲೊಮಾ ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಬೇಡ. ಎಂಟು ಚಾನಲ್, 24 ಮೆಗಾಹರ್ಟ್ಸ್‌ನ ಸಣ್ಣ ಯುಎಸ್‌ಬಿ ಲಾಜಿಕ್ ಅನಲೈಸರ್ (ತಂತಿಗಳ ಮೇಲಿನ 0, 1 ದಾಖಲಿಸಿ ತೋರಿಸುವ ಉಪಕರಣ) ಎಸ್.ಪಿ. ರೋಡಿನಲ್ಲಿ ಕೇಳಿ ನೋಡಿ, ಸ್ಕೋಪ್‌ಗೆ ಹೋಲಿಸಿದರೆ ತುಂಬಾ ಅಗ್ಗ. ಸಿಗ್‌ರಾಕ್ ಯೋಜನೆಯ ಪಲ್ಸ್‌ವ್ಯೂ ತಂತ್ರಾಂಶ ಉಚಿತ, ಅದರಲ್ಲಿ ಐ2ಸಿ, ಎಸ್‌ಪಿಐ ಅಷ್ಟೇ ಅಲ್ಲ, 24 ಸರಣಿಯ ಇಇಪ್ರಾಮ್ ಮತ್ತು ಎಸ್‌ಪಿಐ ಫ್ಲ್ಯಾಶ್ ಮಾತನ್ನೂ ಬಿಡಿಸಿ ತೋರಿಸುವ ಡಿಕೋಡರ್‌ಗಳಿವೆ. ಬೋರ್ಡಿನ ಗ್ರೌಂಡಿಗೆ ಅದರ ಗ್ರೌಂಡ್ ಸೇರಿಸುವುದು ಮರೆಯಬೇಡಿ. ವೋಲ್ಟೇಜ್ ಅರ್ಧಕ್ಕೆ ನಿಂತಿದೆಯಾ, ಅಂಚು ಓರೆಯಾಗಿದೆಯಾ ಅನ್ನುವುದು ಅದರಲ್ಲಿ ಕಾಣುವುದಿಲ್ಲ, ಅದಕ್ಕೆ ಮಾತ್ರ ಸ್ಕೋಪ್ ಬೇಕು, ಅಂಥ ಸಂದರ್ಭಕ್ಕೆ ಕಾಲೇಜಿನ ಲ್ಯಾಬಿನಲ್ಲಿ ಕೇಳಿ.